ಕಾರ್ಕಳದ ಸಂಬಂಧ ಮತ್ತು ನನ್ನ ಎರಡು ಆಟಿನ್

"ಕಾರ್ಕಳದಿಂದ ನನಗೊಂದು ಸಂಬಂಧ ಬಂದುಂಟು" ಎಂದೆ.

ಕಾಪುವಿನ ನಮ್ಮ ಮನೆಯ ಮೆಟ್ಟಿಲಲ್ಲಿ ಕುಳಿತು ಶೂ ಲೇಸು ಕಟ್ಟುತ್ತಿದ್ದ ವಲೇರಿಯನ್ ತಲೆ ಎತ್ತಿದರು.

"ಹೌದಾ? ಒಳ್ಳೆಯದಾಯಿತು. ಕಾರ್ಕಳಕ್ಕೆ ಬಸ್ಸು ಕೂಡ ಬೇಕಾದಷ್ಟು ಉಂಟು."

ಅಷ್ಟೇ ಮಕ್ಕಳೇ! ಎದ್ದು ಉಡುಪಿ ಬಸ್ಸು ಹಿಡಿದು ಹೋಗಿಯೇ ಬಿಟ್ಟರು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ವಲೇರಿಯನ್ ಮಣಿಪಾಲದಲ್ಲಿ ಬ್ಯಾಂಕ್ ಕೆಲಸದಲ್ಲಿದ್ದರು. ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಪಪ್ಪನ ಜೊತೆ ಬ್ರಿಜ್ ಆಡಲು ಬರುತ್ತಿದ್ದರು.

ಅದು ನಾಲ್ಕು ಜನ ಬೇಕಾದ ಇಸ್ಪೀಟಾಟ. ಖಾಯಂ ನಾಲ್ಕನೆಯವರು ಬೊಂಬಾಯಿಗೆ ವರ್ಗವಾದ ಮೇಲೆ ಆ ಕುರ್ಚಿ ನನ್ನದಾಯಿತು. ನನಗೆ ಯಾರೂ ಕಲಿಸಿದ್ದಲ್ಲ, ಪಪ್ಪನ ಹಿಂದೆ ಚಹಾದ ಟ್ರೇ ಹಿಡಿದು ನಿಂತು ನಿಂತು ಬಂದ ವಿದ್ಯೆ.

ವಲೇರಿಯನ್ ನನ್ನ ಪಾರ್ಟ್ನರ್. ಮೇಜಿನಲ್ಲಿ ಮಾತ್ರ... ಅದೇ ನನ್ನ ಸಂಕಟ.

ಕಾರ್ಕಳದವರಿಗೆ ಕಲ್ಲುಕೋರೆ ಇತ್ತು, ಹುಡುಗನಿಗೆ ದಪ್ಪ ಮೀಸೆ ಇತ್ತು, ಪಪ್ಪನಿಗೆ ಒಪ್ಪಿಗೆಯೂ ಇತ್ತು. ಸೋಮವಾರ ಉತ್ತರ ಕೊಡಬೇಕು. ಅದಕ್ಕೆ ಮೊದಲು ಉಳಿದದ್ದು ಒಂದೇ ಭಾನುವಾರ.

ಆ ಭಾನುವಾರ ಪಪ್ಪ "ಒಂದು ಆಟಿನ್" ಎಂದು ಕರೆದರು. ಕೆಂಪು ಹೃದಯದ ಎಲೆಗಳಲ್ಲಿ ತನಗೆ ಬಲ ಉಂಟು ಎಂದು ಅದರ ಅರ್ಥ. ವಲೇರಿಯನ್ "ಒಂದು ಇಸ್ಪೇಟ್" ಎಂದು ಎದುರು ಕರೆದರು, ತನ್ನ ಬಲ ಕಪ್ಪು ಇಸ್ಪೇಟ್ ಎಲೆಗಳಲ್ಲಿ ಎಂದು. ಪಪ್ಪನ ಪಾರ್ಟ್ನರ್, ಪೆರ್ಡೂರಿನ ಭಟ್ ಮಾಸ್ಟ್ರು, ಪಾಸ್.

ನನ್ನ ಕೈಯಲ್ಲಿ ಒಳ್ಳೊಳ್ಳೆಯ ಇಸ್ಪೇಟ್‌ಗಳಿದ್ದವು. ಆದರೂ "ಎರಡು ಆಟಿನ್" ಎಂದೆ. ಎದುರಾಳಿ ಕರೆದದ್ದನ್ನೇ ನಾವೂ ಕರೆಯುವುದು... ಅದಕ್ಕೆ ಕ್ಯೂಬಿಡ್ ಎನ್ನುತ್ತಾರೆ.

ಪಪ್ಪ ಪಾಸ್. ವಲೇರಿಯನ್... ಅವರೂ ಪಾಸ್! ಭಟ್ ಮಾಸ್ಟ್ರು ಬಾಯಿಗೆ ಶಾಲು ಒತ್ತಿಕೊಂಡು ಪಾಸ್.

ಹಾಗಾಗಿ ಆಟಿನ್ನನ್ನೇ ತುರುಫು ಮಾಡಿ ನಾನು ಆಡಬೇಕಾಯಿತು. ತುರುಫೆಲ್ಲ ಇರುವುದು ಪಪ್ಪನ ಕೈಯಲ್ಲಿ! ಬೆಕ್ಕಿನ ಎದುರು ಬಂಗುಡೆಯ ಬುಟ್ಟಿ ಬಿಚ್ಚಿಟ್ಟ ಹಾಗಾಯಿತು.

ನಾನು ಮಣ್ಣುಮುಕ್ಕಿದ ಮೇಲೆ, ಗೆದ್ದ ಭಟ್ ಮಾಸ್ಟ್ರಿಗೇ ಸಹಿಸಲಾಗಲಿಲ್ಲ.

"ಎಂತ ಮಾರಾಯ ವಲೇರಿಯನ್! ಅವಳು ಎದುರಿನವರ ಹೆಸರು ಹೇಳಿದ್ದು ಅವರ ಮೇಲಿನ ಪ್ರೀತಿಯಿಂದ ಅಂತ ತಿಳಿದಿಯಾ? 'ನಿನ್ನದೇ ನನಗೆ ಇಷ್ಟ, ನನ್ನಲ್ಲಿ ಬಲವೂ ಉಂಟು, ಇನ್ನು ನೀನು ಮುಂದೆ ಹೋಗು' ಅಂತ ಅರ್ಥ. ಅದಕ್ಕೆ ಪಾಸ್ ಹೇಳುವವರು ಉಂಟಾ?"

"ಹಾಗಾದರೆ ಸೀದಾ ಇಸ್ಪೇಟ್ ಅಂತಲೇ ಹೇಳಬಹುದಿತ್ತಲ್ಲ, ಮಾಸ್ಟ್ರೇ?"

"ಸೀದಾ ಹೇಳಿದರೆ ಇಷ್ಟ ಉಂಟು ಅಂತ ಮಾತ್ರ ಗೊತ್ತಾದೀತು. ಎಷ್ಟು ಉಂಟು ಅಂತ ಗೊತ್ತಾಗುವುದು ಹೀಗೆ ಹೇಳಿದರೆ!"

ಎಲೆ ಕಲಸುತ್ತಿದ್ದ ವಲೇರಿಯನ್ ಕೈ ನಿಂತಿತು. ನನ್ನನ್ನು ನೋಡಿದರು. ನಾನು ಮಾಡಿನ ಹೆಂಚು ನೋಡಿದೆ.

"ಕಾರ್ಕಳ..." ಎಂದರು.

"ಆಟದ ನಡುವೆ ಕಾರ್ಕಳ ಎಂತಕ್ಕೆ?" ಪಪ್ಪ ಕೇಳಿದರು.

"ಅವರಿಗೆ ಉತ್ತರ ಕೊಟ್ಟಾಯಿತಾ, ಅಂಕಲ್?"

"ನಾಳೆ ಕೊಡುವುದು."

"ಕೊಡಬೇಡಿ. ನನ್ನದೂ ಒಂದು ಕರೆ ಉಂಟು. ಲಿಲ್ಲಿಯನ್ನು ನನಗೆ ಕೊಡಿ."

ಮನೆಯೊಳಗೆ ಮಮ್ಮಿಯ ಸೌಟಿನ ಸದ್ದೂ ನಿಂತಿತು.

ಬ್ರಿಜ್‌ನಲ್ಲಿ ಒಂದು ಕರೆಯ ಹಿಂದೆ ಸಾಲಾಗಿ ಮೂರು ಪಾಸ್ ಬಿದ್ದರೆ ಆ ಕರೆಯೇ ಗಟ್ಟಿ.

"ಪಾಸ್" ಎಂದರು ಭಟ್ ಮಾಸ್ಟ್ರು, ಎಲೆ ಹಂಚುವ ಮೊದಲೇ.

"ಪಾಸ್" ಎಂದೆ ನಾನು.

ಉಳಿದವರು ಪಪ್ಪ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಾರೆ... ಒರೆಸುತ್ತಲೇ ಇದ್ದಾರೆ...

"ಎರಡು ಆಟಿನ್‌ಗೆ ಪಾಸ್ ಹೇಳಿದವನಿಗೆ ಮಗಳನ್ನು ಕೊಡುವುದಾ..." ಎಂದು ಗೊಣಗಿದರು.

ಆಮೇಲೆ ಕನ್ನಡಕ ಏರಿಸಿ, "ಪಾಸ್."

ಮೊನ್ನೆ ಇವರ ಹತ್ತಿರ "ಪಕ್ಕದ ಮನೆಯವರು ಹೊಸ ಮಿಕ್ಸಿ ತಂದರಂತೆ" ಎಂದೆ. "ಹೌದಾ? ಒಳ್ಳೆಯದಾಯಿತು" ಎಂದು ಪೇಪರ್ ಮಗುಚಿದರು.

ಇಂಥವರಿಗೆ ತಿಳಿಹೇಳಲು ನಾನೀಗ ಭಟ್ ಮಾಸ್ಟ್ರನ್ನು ಎಲ್ಲಿಂದ ತರಲಿ, ಮಕ್ಕಳೇ?