ಚಿಲಕ ಹಾಕಿ ಕುಡಿಸಿದ ಹಾಲು

ಮಗಳು ಹಸುವಿನ ಹಾಲಿನ ಮೊದಲ ಗುಟುಕನ್ನು ನನ್ನ ಸೀರೆಯ ಮೇಲೆ ಉಗಿದಳು. ಎರಡನೆಯದನ್ನು ಬಾಯಲ್ಲೇ ಇಟ್ಟುಕೊಂಡು, ನನ್ನ ಮುಖವನ್ನೇ ನೋಡುತ್ತಾ, ನಿಧಾನವಾಗಿ ಗದ್ದದ ಮೇಲೆ ಇಳಿಬಿಟ್ಟಳು. ಆಮೇಲೆ ಬಾಯೇ ಬಿಡಲಿಲ್ಲ. ಅವಳಿಗೆ ಆಗಷ್ಟೇ ವರ್ಷ ತುಂಬಿತ್ತು. ಹಾಸನದಲ್ಲಿ ನಾವು ತೋರಿಸುತ್ತಿದ್ದ ಮಕ್ಕಳ ಡಾಕ್ಟರು, "ಇನ್ನು ಹಸುವಿನ ಹಾಲು ಶುರು ಮಾಡಬಹುದು. ಚೆನ್ನಾಗಿ ಕಾಯಿಸಿ ಲೋಟದಲ್ಲೋ ಒಳಲೆಯಲ್ಲೋ ಕೊಡಿ. ಸಕ್ಕರೆ ಹಾಕಬೇಡಿ, ಊಟ ತಪ್ಪಿಸಿ ಹಾಲು ಕೊಡಬೇಡಿ" ಎಂದಿದ್ದರು. ಅವರು ಹೇಳಿದ ರೀತಿ ನೋಡಿದರೆ ಒಂದು ವಾರದ ಕೆಲಸ ಅನ್ನಿಸಿತ್ತು.

ನಾನು ನುಗ್ಗೇಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಗಂಡನ ಊರು ಅಲ್ಲಿಂದ ಬಾಗೂರಿನ ಕಡೆಗೆ ಹೋಗುವ ದಾರಿಯಲ್ಲಿದೆ. ಮನೆಯಲ್ಲಿ ನಾಲ್ಕೇ ಜನ: ನಾನು, ಗಂಡ, ಮಗಳು, ಅತ್ತೆ. ಗಂಡನಿಗೆ ಚನ್ನರಾಯಪಟ್ಟಣದಲ್ಲಿ ಪಂಪ್‌ಸೆಟ್ಟಿನ ಅಂಗಡಿ. ಬೆಳಿಗ್ಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಕೊಟ್ಟಿಗೆಯಲ್ಲಿ ಎರಡು ಸೀಮೆಹಸು, ಒಂದು ನಾಟಿ ಹಸು. ಸೀಮೆಹಸುವಿನ ಹಾಲು ಡೇರಿಗೆ, ನಾಟಿಯದು ಮನೆಗೆ. ಹಸು, ಹಾಲು, ಕೊಟ್ಟಿಗೆ ಎಲ್ಲ ಅತ್ತೆಯ ಕಾರುಬಾರು. ಅವರ ಬಾಯಲ್ಲಿ ಹಾಲು ಯಾವತ್ತೂ 'ಆಲು', ಹಸು ಯಾವತ್ತೂ 'ಅಸ'. ಮದುವೆಯಾಗಿ ಬಂದ ಹೊಸದರಲ್ಲಿ ಅವರು 'ಅಕ್ಕಿ ಆರೋಯ್ತು' ಅಂದಾಗ ನಾನು ಒಲೆಯ ಕಡೆ ನೋಡಿದ್ದೆ. ಅವರು ತೋರಿಸಿದ್ದು ಅಂಗಳದಿಂದ ಹಾರಿಹೋದ ಗುಬ್ಬಿಯನ್ನು.

ನನ್ನ ರಜೆ ಮುಗಿಯುತ್ತಾ ಬಂದಿತ್ತು. ಸಿಪ್ಪರ್, ಚಮಚ, ಬಣ್ಣದ ಲೋಟ, ಸಣ್ಣ ಮೂತಿಯ ಒಳಲೆ ಎಲ್ಲದರಲ್ಲೂ ಪ್ರಯತ್ನ ಮಾಡಿ ಸೋತಿದ್ದೆ. ಅರಕಲಗೂಡಿನಿಂದ ಅಮ್ಮ ಫೋನು ಮಾಡಿ, "ಬೇವಿನ ಸೊಪ್ಪು ಅರೆದು ಎದೆಗೆ ಹಚ್ಚಿಕೊಳ್ಳೇ, ತಾನಾಗೇ ಬಿಡ್ತಾಳೆ" ಎಂದಳು. ಒಂದು ಸಲ ಹಚ್ಚಿಕೊಂಡೆ. ಮಗಳು ಬಾಯಿಟ್ಟವಳು ತಟ್ಟನೆ ಹಿಂದಕ್ಕೆ ಸರಿದು, ಅಳದೆ, ನನ್ನನ್ನೇ ದಿಟ್ಟಿಸಿ ನೋಡಿದಳು. ಹೊಡೆದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲವೇನೋ. ಎದ್ದು ಹೋಗಿ ತೊಳೆದುಕೊಂಡು ಬಂದು ಕುಡಿಸಿದೆ.

ಸ್ಕೂಲು ಶುರುವಾದ ದಿನ ಅಳುವ ಮಗುವನ್ನು ಅತ್ತೆಯ ಕೈಗೆ ಕೊಟ್ಟು ಬಸ್ಸು ಹತ್ತಿದೆ. ಮಧ್ಯಾಹ್ನದ ಹೊತ್ತಿಗೆ ಹಾಲು ಕಟ್ಟಿಕೊಂಡು ಎದೆ ಕಲ್ಲಾಗಿತ್ತು. ಸಂಜೆ ಓಡೋಡಿ ಮನೆಗೆ ಬಂದರೆ ಮಗಳು ಜಗಲಿಯ ಮೇಲೆ ಕುಳಿತು ತೆಂಗಿನ ಚಿಪ್ಪಿನಲ್ಲಿ ಆಡುತ್ತಿದ್ದಳು.

"ಕುಡುದ್ಲು ಕಣವ್ವ. ಒಳಲೆ ಆಲು ಪೂರಾ ಕುಡುದ್ಲು," ಎಂದರು ಅತ್ತೆ.

ನಾನು ನಂಬಲಿಲ್ಲ. ಇಷ್ಟು ದಿನ ನನ್ನ ಕೈಯಲ್ಲಿ ಒಂದು ಹನಿ ಕುಡಿಯದವಳು, ನಾನಿಲ್ಲದ ಮೊದಲ ದಿನವೇ ಪೂರಾ ಕುಡಿದಳು ಅಂದರೆ? ಎತ್ತಿಕೊಳ್ಳುವ ನೆವದಲ್ಲಿ ಮಗಳ ಬಾಯಿ ಮೂಸಿದೆ. ಹಸುವಿನ ಹಾಲಿನ ವಾಸನೆ ಇತ್ತು. ಆದರೂ ಸಮಾಧಾನವಾಗಲಿಲ್ಲ. ಬಾಯಿಗೆ ಸವರಿದರೂ ವಾಸನೆ ಬರುತ್ತದಲ್ಲ.

ಭಾನುವಾರ ನಾನೇ ಕುಡಿಸಲು ಕುಳಿತೆ. ಅದೇ ಒಳಲೆ, ಅದೇ ಹಾಲು. ಮಗಳು ತುಟಿ ಬಿಗಿದು ತಲೆ ಆ ಕಡೆ ಈ ಕಡೆ ಆಡಿಸಿ ನನ್ನ ಸೆರಗು ಎಳೆಯತೊಡಗಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ, "ನೀನಿದ್ರೆ ಅದು ಕುಡಿಯಾಕಿಲ್ಲ. ಕೊಡಿಲ್ಲಿ, ನೀನು ಆಚೆ ಓಗು" ಎಂದು ಮಗುವನ್ನೂ ಒಳಲೆಯನ್ನೂ ತೆಗೆದುಕೊಂಡು ತಮ್ಮ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡರು. ಸ್ವಲ್ಪ ಹೊತ್ತು ಅಳು ಕೇಳಿಸಿತು. ಆಮೇಲೆ ಅದೂ ನಿಂತಿತು. ಅವರು ಹೊರಗೆ ಬಂದಾಗ ಒಳಲೆ ಖಾಲಿ, ಮಗಳು ಅವರ ಹೆಗಲ ಮೇಲೆ ನಿದ್ದೆ ಹೋಗಿದ್ದಳು.

ಚಿಲಕ ಯಾಕೆ? ನನಗೆ ಅರ್ಥವಾಗದ್ದು ಅದೊಂದೇ. ನಾನು ಸುಮ್ಮನೆ ಎದ್ದು ಹಿತ್ತಿಲಿಗೆ ಹೋಗಿ ಆ ಕೋಣೆಯ ಕಿಟಕಿಯ ಕೆಳಗೆ ನೆಲ ನೋಡಿದೆ. ಹಾಲು ಚೆಲ್ಲಿದ್ದರೆ ಇರುವೆ ಮುತ್ತಿರಬೇಕಿತ್ತು. ನೆಲ ಒಣಗಿತ್ತು.

ಹಾಗಾದರೆ ಕುಡಿಯುತ್ತಿದ್ದಾಳೆ. ಕುಡಿದ ತಕ್ಷಣ ಮಲಗಿಬಿಡುತ್ತಾಳೆ. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಅವಳು ಹಳೆಯ ಕಾಲದ ಮಾತು ತೆಗೆದಳು. "ಹಿಂದಿನವರು ಮಕ್ಕಳು ಸುಮ್ಮನಿರಲಿ ಅಂತ ಗಸಗಸೆ ಅರೆದು ಹಾಲಿಗೆ ಹಾಕ್ತಿದ್ದರು ಕಣೇ. ನೋಡು ಯಾವುದಕ್ಕೂ. ಇಲ್ಲದಿದ್ದರೆ ಮಗೂನ ಇಲ್ಲಿಗೆ ಕರಕೊಂಡು ಬಂದುಬಿಡು, ನಾನು ನೋಡಿಕೊಳ್ತೀನಿ."

"ನೋಡೋಣ ಇರಮ್ಮ," ಎಂದೆ.

ಅವತ್ತಿನಿಂದ ನಾನು ಮನೆಯೊಳಗೆ ಪತ್ತೇದಾರಳಾದೆ. ಗಸಗಸೆಯ ಡಬ್ಬಿಯನ್ನು ಸಾಂಬಾರ ಸಾಮಾನಿನ ಹಿಂದೆ ಒಂದು ಕೋನಕ್ಕೆ ತಿರುಗಿಸಿಟ್ಟು ಹೋಗುತ್ತಿದ್ದೆ. ಸಂಜೆ ಬಂದು ನೋಡಿದರೆ ಹಾಗೆಯೇ ಇರುತ್ತಿತ್ತು. ಸಕ್ಕರೆ ಡಬ್ಬಿಯನ್ನು ಕುಲುಕಿ ಮೇಲ್ಭಾಗ ಮಟ್ಟಸ ಮಾಡಿ ಹೋಗುತ್ತಿದ್ದೆ. ಅದರಲ್ಲಿ ಮಾತ್ರ ಸಂಜೆ ಚಮಚದ ಗುಳಿ ಇರುತ್ತಿತ್ತು. ಅತ್ತೆ ಕಾಫಿಗೆ ಬೆಲ್ಲ ಹಾಕಿಕೊಳ್ಳುವವರು. ಗಂಡನಿಗೆ ಹೇಳಿದರೆ ಅವರು ಊಟ ಮಾಡುತ್ತಲೇ, "ಮಗು ಕುಡೀತಾ ಇದೆ ತಾನೆ? ಬಿಡು" ಎಂದರು. ಅವರ ತಾಯಿ, ಅವರು ಹಾಗೆ ಹೇಳದೆ ಇನ್ನೇನು ಹೇಳಿಯಾರು ಅಂದುಕೊಂಡೆ.

ಆಗಲೇ ನನ್ನ ನೈಟಿಯ ವಿಚಾರ ಗಮನಕ್ಕೆ ಬಂದದ್ದು. ರಾತ್ರಿ ಮಗುವಿಗೆ ಕುಡಿಸಲು ಅನುಕೂಲವಾಗಲಿ ಎಂದು ಕೊಂಡಿದ್ದ, ಎದೆಯ ಹತ್ತಿರ ಜಿಪ್ ಇರುವ ನೀಲಿ ನೈಟಿ ಅದು. ಬೆಳಿಗ್ಗೆ ಬಿಚ್ಚಿ ಬಚ್ಚಲಿನ ಬಕೆಟ್ಟಿಗೆ ಹಾಕಿ ಹೋಗುತ್ತಿದ್ದೆ. ಸಂಜೆ ಬಂದರೆ ಒಗೆದ ಬಟ್ಟೆಯೆಲ್ಲ ತಂತಿಯ ಮೇಲೆ ಇರುತ್ತಿತ್ತು, ನೈಟಿ ಇರುತ್ತಿರಲಿಲ್ಲ. ಹುಡುಕಿದರೆ ಮತ್ತೆ ಬಕೆಟ್ಟಿನಲ್ಲೇ ಸಿಗುತ್ತಿತ್ತು, ಒಣಗಿಕೊಂಡು, ಒಗೆಯದೆ. ಒಂದು ದಿನ ಬಕೆಟ್ಟಿನಲ್ಲೂ ಇರಲಿಲ್ಲ. ಅತ್ತೆ ಡೇರಿಗೆ ಹೋದಾಗ ಅವರ ಕೋಣೆಗೆ ಹೋಗಿ ನೋಡಿದೆ. ದಿಂಬಿನ ಕೆಳಗೆ ಮಡಿಸಿ ಇಟ್ಟಿದ್ದರು.

ನೈಟಿ ಕಂಡರೆ ಅತ್ತೆಗೆ ಆಗುತ್ತಿರಲಿಲ್ಲ. "ಅದನ್ನ ಆಕ್ಕೊಂಡು ಅಂಗಳಕ್ಕೆ ಬರಬ್ಯಾಡ ಕಣವ್ವ" ಎಂದು ಮೊದಲ ವರ್ಷವೇ ಹೇಳಿದ್ದವರು. ಅಂಥವರು ನಾನು ತೊಟ್ಟು ಬಿಟ್ಟ ಕೊಳೆ ನೈಟಿಯನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳುವುದು ಯಾಕೆ?

ಅಮ್ಮನಿಗೆ ಇದನ್ನು ಹೇಳಬಾರದಿತ್ತು, ಹೇಳಿದೆ. "ಉಟ್ಟ ಬಟ್ಟೆ ಯಾರ ಕೈಗೂ ಸಿಗಬಾರದು. ಅದರಲ್ಲೂ ಹಾಲು ಸೋರಿದ ಬಟ್ಟೆ," ಎಂದಳು ಅಮ್ಮ ದನಿ ತಗ್ಗಿಸಿ. ಮಾಟ ಮಂತ್ರವನ್ನು ನಾನು ನಂಬುವವಳಲ್ಲ. ಮಕ್ಕಳಿಗೆ ಪ್ರಮೇಯ ಹೇಳಿಕೊಡುವವಳು. ಆದರೂ ಮಾರನೆಯ ಬೆಳಿಗ್ಗೆ ನೈಟಿಯನ್ನು ಬಕೆಟ್ಟಿಗೆ ಹಾಕದೆ, ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಸಂಜೆ ಬೀದಿ ತಿರುವಿನಲ್ಲೇ ಮಗಳ ಅಳು ಕೇಳಿಸಿತು. ಅತ್ತೆ ಅವಳನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ಓಡಾಡುತ್ತಿದ್ದರು. ಕೂದಲು ಕೆದರಿತ್ತು.

"ಇವತ್ತು ಮುಟ್ಟನಿಲ್ಲ. ಒಂದ್ ಗುಟುಕೂ ಮುಟ್ಟನಿಲ್ಲ," ಎಂದರು. ಮಗುವನ್ನು ನನ್ನ ಕೈಗೆ ಕೊಟ್ಟು, ಬೇರೆ ಕಡೆ ನೋಡುತ್ತಾ, "ಆ ನೀಲಿ ನೈಟಿ ಎಲ್ಲಿಟ್ಟಿದ್ದೀಯವ್ವ?" ಎಂದು ಕೇಳಿದರು.

"ಯಾಕೆ ಅತ್ತೆ?"

"ಒಗೆಯಾಕೆ."

ಇಷ್ಟು ದಿನ ಒಗೆಯದ ನೈಟಿಯ ಮೇಲೆ ಇವತ್ತು ಯಾಕೆ ಇಷ್ಟು ಅಕ್ಕರೆ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಅವರು ಸುಳ್ಳು ಹೇಳುತ್ತಿದ್ದಾರೆ ಎನ್ನುವುದು ನನಗೆ ಖಾತ್ರಿಯಾಗಿತ್ತು. ಕೇಳಿದರೆ ಇನ್ನೊಂದು ಸುಳ್ಳು ಬರುತ್ತದೆ ಅಷ್ಟೆ. ಕಣ್ಣಾರೆ ನೋಡಬೇಕು ಅಂದುಕೊಂಡೆ. ಮರುದಿನ ಶುಕ್ರವಾರ, ನೈಟಿಯನ್ನು ಮತ್ತೆ ಬಕೆಟ್ಟಿಗೆ ಹಾಕಿದೆ. ಮಗಳು ಕುಡಿದಳು. ಶನಿವಾರ ನಮಗೆ ಬೆಳಗಿನ ಸ್ಕೂಲು. ಬಿಟ್ಟ ಮೇಲೆ ಸಾಮಾನ್ಯವಾಗಿ ನಾನು ಟೆಸ್ಟ್ ಪೇಪರು ತಿದ್ದುತ್ತಾ ಕೂರುವವಳು, ಅವತ್ತು ಗಂಟೆ ಹೊಡೆದ ತಕ್ಷಣ ಹೊರಟುಬಿಟ್ಟೆ.

ಮುಂಬಾಗಿಲು ಮುಚ್ಚಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ಹಿತ್ತಿಲಿನಿಂದ ಹೋಗಿ ಅತ್ತೆಯ ಕೋಣೆಯ ಕಿಟಕಿಯ ಪಕ್ಕ ನಿಂತೆ. ಒಳಗಿನಿಂದ ದನಿ ಕೇಳಿಸಿತು.

"ಹಾಲು... ಹಾಲು ಕುಡಿ ಬಂಗಾರಿ. ಇನ್ನೊಂದೇ ಒಂದು ಗುಟುಕು, ಜಾಣಮರಿ ಅಲ್ವಾ?"

ಅವು ನನ್ನ ಮಾತುಗಳು. ಮಗಳಿಗೆ ನಾನು ಹೇಳುವ ಮಾತುಗಳು, ನಾನು ಹೇಳುವ ರಾಗದಲ್ಲೇ. ಆದರೆ ದನಿ ನನ್ನದಲ್ಲ. ಬಗ್ಗಿ ನೋಡಿದೆ.

ಅತ್ತೆ ಗೋಡೆಗೊರಗಿ ಚಾಪೆಯ ಮೇಲೆ ಕುಳಿತಿದ್ದರು. ಉಟ್ಟ ಸೀರೆಯ ಮೇಲೆಯೇ ನನ್ನ ನೀಲಿ ನೈಟಿಯನ್ನು ತೊಟ್ಟಿದ್ದರು. ಅದು ಹೊಟ್ಟೆಯ ಹತ್ತಿರ ಸಿಕ್ಕಿಕೊಂಡು ಕೆಳಗೆ ಸೀರೆಯ ನೆರಿಗೆ ಹೊರಗೆ ಬಂದಿತ್ತು. ಮಗಳು ಅವರ ತೊಡೆಯ ಮೇಲೆ ಮಲಗಿ, ಒಂದು ಕೈಯಲ್ಲಿ ಜಿಪ್ಪಿನ ತುದಿ ಹಿಡಿದು, ಮೂಗನ್ನು ಆ ಬಟ್ಟೆಗೆ ಒತ್ತಿಕೊಂಡು, ಕಣ್ಣು ಅರೆಮುಚ್ಚಿ ಒಳಲೆಯಿಂದ ಹಾಲು ಕುಡಿಯುತ್ತಿದ್ದಳು. ಅತ್ತೆ ಪ್ರತಿ ಗುಟುಕಿಗೂ 'ಹಾಲು' ಎನ್ನುತ್ತಿದ್ದರು. ಹುಟ್ಟಿದಾಗಿನಿಂದ ನಾಲಿಗೆಗೆ ಬಾರದ ಆ 'ಹ'ವನ್ನು ಎದೆಯಿಂದ ಉಸಿರು ಎಳೆದು ತಂದು, ನನ್ನ ಹಾಗೆ ಹೇಳಲು ಒದ್ದಾಡುತ್ತಿದ್ದರು.

ನನ್ನ ನೆರಳು ಬಿದ್ದು ಅವರು ತಲೆ ಎತ್ತಿದರು. ಅವರ ಮುಖ ಕೆಂಪಾಯಿತು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಒಳಲೆ. ನೈಟಿ ಕಿತ್ತು ಹಾಕುವ ಹಾಗೂ ಇಲ್ಲ. ಕಣ್ಣಿನಲ್ಲೇ ಸನ್ನೆ ಮಾಡಿದರು: ಮಾತಾಡಬೇಡ, ಮಗು ಕುಡೀಲಿ. ನಾನು ಗೋಡೆಯ ಮರೆಗೆ ಸರಿದು ನಿಂತೆ. ಒಳಗೆ ಗುಟುಕರಿಸುವ ಸದ್ದು ಕೇಳುತ್ತಿದ್ದ ಹಾಗೆ ನನ್ನ ಎದೆಯಲ್ಲಿ ಹಾಲು ತೊರೆದು ರವಿಕೆ ಒದ್ದೆಯಾಯಿತು. ಅನುಮಾನ ತೀರಿದ ನೆಮ್ಮದಿ ಆಗಬೇಕಿತ್ತು. ಆದದ್ದು ಹೊಟ್ಟೆಕಿಚ್ಚು. ನನ್ನ ಮಗಳಿಗೆ ನನ್ನ ಬದಲು ನನ್ನ ಬಟ್ಟೆ ಸಾಕಾಗಿತ್ತು.

ಮಗು ಮಲಗಿದ ಮೇಲೆ ಅಡುಗೆಮನೆಯಲ್ಲಿ ಮಾತಾಡಿದೆವು. ಅತ್ತೆ ಬೇಕಂತಲೇ ನನಗೆ ಬೆನ್ನು ಮಾಡಿ ಸೊಪ್ಪು ಸೋಸುತ್ತಿದ್ದರು.

"ನಂಗೆ ಒಂದು ಮಾತು ಹೇಳಬಹುದಿತ್ತಲ್ಲ ಅತ್ತೆ."

"ಏಳುದ್ರೆ ನಗಾಡ್ತಿದ್ದೆ. ನಿನ್ ಗಂಡುಂಗೆ ಏಳ್ತಿದ್ದೆ. ಅವನು ಅಂಗ್ಡಿಗೆ ಬಂದೋರ್ಗೆಲ್ಲ ಏಳ್ತಿದ್ದ. ನಾನು ನೈಟಿ ಆಕ್ಕೊಂಡಿದ್ದು ಊರಿಗೆಲ್ಲ ಗೊತ್ತಾಗ್ತಿತ್ತು."

ಸೊಪ್ಪಿನ ಕಡ್ಡಿಗಳನ್ನು ಪಕ್ಕಕ್ಕೆ ಹಾಕುತ್ತಾ ಅವರೇ ಮುಂದುವರಿಸಿದರು. ನನ್ನ ಗಂಡ ಕೂಸಾಗಿದ್ದಾಗ ಅವರು ಹೊಳೆನರಸೀಪುರದ ಕಡೆಯ ತವರಿನಲ್ಲಿದ್ದರಂತೆ. ಜ್ವರ ಬಂದು ಮೇಲೇಳಲಾರದ ಹಾಗಾಯಿತಂತೆ. ಆಗ ಅವರ ಅವ್ವ ಅತ್ತೆಯ ಸೀರೆಯನ್ನೇ ಹೊದ್ದುಕೊಂಡು ಕೂಸಿಗೆ ಹಸುವಿನ ಹಾಲು ಕುಡಿಸುತ್ತಿದ್ದಳಂತೆ. "ನಿನ್ ಸೀರೆನೂ ಒದ್ದು ನೋಡ್ದೆ. ಬರೀ ಸೋಪಿನ ವಾಸ್ನೆ. ಮೊಗ ತಿರುಗಿ ನೋಡನಿಲ್ಲ. ಆ ನೈಟಿಲೇ ನೀನು ಇರೋದು."

"ಸಕ್ಕರೆ ಹಾಕ್ತೀರಾ?"

ಸೊಪ್ಪು ಸೋಸುತ್ತಿದ್ದ ಕೈ ನಿಂತಿತು. "ಒಂಚೂರು."

"ಡಾಕ್ಟ್ರು ಬೇಡ ಅಂದಿದ್ದರು."

"ಡಾಕ್ಟ್ರು ಬಂದು ಕುಡುಸ್ತಾರಾ?" ಎಂದವರು ಈಗ ನನ್ನ ಕಡೆ ತಿರುಗಿದರು. "ನೀನು ಬೀರುಗೆ ಬೀಗ ಯಾಕಾಕಿದ್ದೆ? ನಂಗೆ ಗೊತ್ತಾಗಾಕಿಲ್ವಾ? ಮೊಗ ನನ್ ಕೈಲಿ ಕುಡೀದೆ ಇರ್ಲಿ ಅಂತ. ಆಮ್ಯಾಕೆ ಅದುನ್ನೇ ನೆಪ ಮಾಡ್ಕೊಂಡು ಅರಕಲಗೂಡಿಗೆ ನಿಮ್ಮವ್ವನ್ತಾವ ಬಿಡಾಕೆ. ನೀನು ಫೋನಲ್ಲಿ ನೋಡೋಣ ಅಂದಿದ್ದು ನಾನು ಕೇಳುಸ್ಕೊಂಡಿವ್ನಿ."

ನಾನು ಅವರ ಡಬ್ಬಿಗಳನ್ನು ಕಾಯುತ್ತಿದ್ದ ಹೊತ್ತಿನಲ್ಲಿ ಅವರು ನನ್ನ ಫೋನು ಕಾಯುತ್ತಿದ್ದರು. ಇಲ್ಲ ಅತ್ತೆ, ಹಾಗೇನಿಲ್ಲ ಎಂದೆ. ಅವರು ನಂಬಿದರೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ನಾನು 'ನೋಡೋಣ' ಎಂದದ್ದು ಬರೀ ಬಾಯಿ ಮಾತಿಗೋ ಅಲ್ಲವೋ, ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಅಮ್ಮನಿಗೆ ಎಲ್ಲ ವಿವರಿಸಿದಾಗ, "ನಿನಗೆ ಹಾಗೆ ಹೇಳಿದರು, ನೀನು ನಂಬಿದೆ" ಎಂದಳು. ಅವಳು ಕೊನೆಗೂ ಒಪ್ಪಲಿಲ್ಲ. ನನ್ನ ಮತ್ತು ಅತ್ತೆಯ ನಡುವೆ ಮಾತ್ರ ಒಂದು ಒಪ್ಪಂದ ಆಯಿತು: ಚಿಲಕ ಹಾಕುವ ಹಾಗಿಲ್ಲ, ಸಕ್ಕರೆಯನ್ನು ದಿನಾ ಸ್ವಲ್ಪ ಸ್ವಲ್ಪ ಕಡಿಮೆ ಮಾಡಬೇಕು, ನೈಟಿಯ ವಿಚಾರ ಗಂಡನ ಕಿವಿಗೆ ಬೀಳಬಾರದು. ಇದನ್ನು ಬರೆಯಲು ಅತ್ತೆಯನ್ನು ಕೇಳಿಯೇ ಒಪ್ಪಿಗೆ ಪಡೆದಿದ್ದೇನೆ. "ಎಸ್ರು ಆಕ್ಬ್ಯಾಡ" ಎಂದಷ್ಟೇ ಹೇಳಿದರು.

ದಿನ ಕಳೆದ ಹಾಗೆ ಅತ್ತೆ ನೈಟಿಯನ್ನು ತೊಡುವುದು ಬಿಟ್ಟು ತೊಡೆಯ ಮೇಲೆ ಹಾಸಿಕೊಂಡರು, ಆಮೇಲೆ ಪಕ್ಕದಲ್ಲಿ ಇಟ್ಟುಕೊಂಡರು, ಆಮೇಲೆ ಅದೂ ಬೇಕಾಗಲಿಲ್ಲ. ಮಗಳು ನನ್ನ ಕೈಯಲ್ಲಿ ಹಸುವಿನ ಹಾಲು ಕುಡಿದದ್ದು ಎಲ್ಲರಿಗಿಂತ ಕೊನೆಗೆ. ರಾತ್ರಿಯ ಮೊಲೆಹಾಲನ್ನೂ ಬಿಟ್ಟ ವಾರ ನನಗೆ ಎದೆ ಬಾತು ಸಣ್ಣಗೆ ಜ್ವರ ಬಂತು. ಮಂಚದ ಮೇಲೆ ಮುದುರಿ ಮಲಗಿದ್ದಾಗ ಅತ್ತೆ ಒಂದು ಮೊರದ ತುಂಬ ಮಲ್ಲಿಗೆ ಹೂವು ತಂದು ಪಕ್ಕದಲ್ಲಿ ಇಟ್ಟರು.

"ಇದು ಯಾಕೆ?" ಎಂದೆ. ನನ್ನ ದನಿಯಲ್ಲಿ ಇನ್ನೂ ಅನುಮಾನ ಇತ್ತೆಂದು ಕಾಣುತ್ತದೆ, ಅತ್ತೆ ಸಣ್ಣಗೆ ನಕ್ಕರು.

"ಎದೆ ಮ್ಯಾಲೆ ಕಟ್ಕೊಂಡ್ರೆ ಆಲು ಇಂಗ್ತದೆ. ಈ ಸಲ ಮೊದ್ಲೇ ಏಳ್ತಾ ಇವ್ನಿ ನೋಡು. ಡಾಕ್ಟ್ರುನ್ನೂ ಕೇಳ್ಕೊ, ಬ್ಯಾಡ ಅಂದ್ರೆ ಮುಡ್ಕೊ."

ಡಾಕ್ಟರು ಮಾತ್ರೆ ಬರೆದುಕೊಟ್ಟರು. ಹೂವಿನ ಮಾತಿಗೆ ಬೇಕಾದರೆ ಕಟ್ಟಿಕೊಳ್ಳಿ ಎಂದರು. ಎರಡನ್ನೂ ಮಾಡಿದೆ. ಹಾಲು ಇಂಗಿತು. ಯಾವುದರಿಂದ ಇಂಗಿತು ಎಂದು ನಾನೂ ಅತ್ತೆಯೂ ಒಂದೆರಡು ಸಲ ವಾದ ಮಾಡಿ, ಕೊನೆಗೆ ಬಿಟ್ಟುಬಿಟ್ಟೆವು.