ಸೆಂಟರ್ ಹಾಫ್ ಮಾದಯ್ಯ

ಮನೆಯ ಮುಂಬಾಗಿಲಿಗೆ ಅಗಸೆ ಎಣ್ಣೆ ಹಚ್ಚಿಸುತ್ತಿದ್ದೇನೆ. ರಾಮಕೃಷ್ಣನಗರದಲ್ಲಿ ಈ ಮನೆ ಕಟ್ಟಿಸಿದಂದಿನಿಂದ ನನ್ನ ಹೆಂಡತಿಗೆ ತೇಗದ ಬಾಗಿಲಿನ ಮೇಲಿರುವ ಅಕ್ಕರೆ ನನ್ನ ಮೇಲಿಲ್ಲ. ಹಾಗಾಗಿ ಆಗಾಗ ಬಡಗಿಯನ್ನು ಕರೆಸಿ ಅದಕ್ಕೆ ಈ ಉಪಚಾರ ನಡೆಯಲೇಬೇಕು. ಬೆಳಗ್ಗೆ ಅವನು ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಆ ವಾಸನೆ ನಾನು ಪೇಪರು ಓದುತ್ತಿದ್ದಲ್ಲಿಗೆ ಬಂತು, ನನಗೆ ಸಿಟ್ಟು ಬಂತು. ಎಣ್ಣೆಯ ವಾಸನೆಗೆ ಸಿಟ್ಟಾಗುವ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ಸ್ವಲ್ಪ ಕೂತುಕೊಳ್ಳಿ, ಹೇಳುತ್ತೇನೆ.

ನಾವು ಕಾಲೇಜಿನಲ್ಲಿದ್ದಾಗ ಹಾಕಿ ಸ್ಟಿಕ್ಕಿಗೆ ಹಚ್ಚುತ್ತಿದ್ದದ್ದು ಇದೇ ಎಣ್ಣೆ. ನಾನು ಟೀಮಿನ ಗೋಲಿ. ಪ್ರತಿಭೆಯಿಂದ ಗೋಲಿಯಾದೆ ಎಂದುಕೊಳ್ಳಬೇಡಿ. ಮೈ ದಪ್ಪಗಿದ್ದವನನ್ನು ಗೋಲಿನೊಳಗೆ ನಿಲ್ಲಿಸುವುದು ಆಗಿನ ಪದ್ಧತಿ. ಅವನು ಚೆಂಡನ್ನು ಹುಡುಕಿಕೊಂಡು ಹೋಗದಿದ್ದರೂ ಚೆಂಡೇ ಬಂದು ಅವನಿಗೆ ತಗುಲುತ್ತದೆ ಎಂಬ ದೂರಾಲೋಚನೆ. ನಮ್ಮಮ್ಮ ಭಾನುವಾರ ಚರ್ಚಿನಿಂದ ಬಂದು ಮಾಡುತ್ತಿದ್ದ ಅಡುಗೆಯ ದಯೆಯಿಂದ ನಾನು ಗೋಲಿನ ಅರ್ಧದಷ್ಟನ್ನು ಸುಮ್ಮನೆ ನಿಂತೇ ಮುಚ್ಚುತ್ತಿದ್ದೆ.

ಸಿಟ್ಟಿಗೆ ಇನ್ನೊಂದು ಕಾರಣವೂ ಉಂಟು. ಹೋದ ವಾರ ಆ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಘದಿಂದ ಒಬ್ಬ ಹುಡುಗ ಫೋನು ಮಾಡಿದ್ದ. ಬಹಳ ವಿನಯದ ಹುಡುಗ. "ಸಾರ್, ಸ್ಮರಣ ಸಂಚಿಕೆ ತರ್ತಾ ಇದೀವಿ. ನೀವೊಂದು ಸಿಹಿ ನೆನಪು ಬರ್ಕೊಡ್ಬೇಕು" ಎಂದ. ಆಗಲಿ ಎಂದೆ. "ಇನ್ನೊಂದು ಸಾರ್, ನಮ್ಮ ಕಾಲೇಜ್‌ನೋರು ಆ ಕಾಲದಲ್ಲೇ ಕ್ರೀಡಾ ವಿಭಾಗದಲ್ಲಿ ಆಯುಧಪೂಜೆ ನಿಲ್ಸಿದ್ರಂತಲ್ಲ. ಎಷ್ಟು ಪ್ರಗತಿಪರ ನೋಡಿ. ಅದನ್ನೂ ಎರಡು ಸಾಲು ಸೇರ್ಸಿ ಸಾರ್." ಫೋನು ಇಟ್ಟ ಮೇಲೆ ನಾನು ಎಷ್ಟು ಹೊತ್ತು ಗೊಣಗಿಕೊಂಡೆನೆಂದರೆ, ನನ್ನ ಹೆಂಡತಿ ಬಿ.ಪಿ. ಮಾತ್ರೆ ತಂದು ಮುಂದಿಟ್ಟಳು.

ಆ ಪೂಜೆ ಏಕೆ ನಿಂತಿತೆಂದು ನನಗೆ ಗೊತ್ತು. ಅದು ಮಾದಯ್ಯನಿಗಾಗಿ ನಿಂತಿತು.

ಮಾದಯ್ಯ ಕಡಕೊಳದ ಕಡೆಯ ಹಳ್ಳಿಯವನು, ಊರ ಹೊರಗಿನ ಕೇರಿಯವನು. ಈಗ ದಲಿತ ಎನ್ನುತ್ತೇವೆ. ಆಗ ಕಾಲೇಜಿನ ದೊಡ್ಡವರು ಹರಿಜನ ಎಂದು ಮೆಲ್ಲಗೆ, ದನಿ ತಗ್ಗಿಸಿ, ಯಾವುದೋ ಕಾಯಿಲೆಯ ಹೆಸರು ಹೇಳುವ ಹಾಗೆ ಹೇಳುತ್ತಿದ್ದರು. ಸಂವಿಧಾನ ಬಂದು ಇನ್ನೂ ಹತ್ತು ವರ್ಷ ಆಗಿರಲಿಲ್ಲ. ಅವನ ಸೋದರಮಾವ ಮೈಸೂರಿನ ಕುದುರೆ ಲಾಯವೊಂದರಲ್ಲಿ ಕೆಲಸಕ್ಕಿದ್ದ. ಅಲ್ಲಿನ ಸವಾರರು ಹಾಕಿಯಾಡಿ ಮುರಿದು ಬಿಸಾಡಿದ ಸ್ಟಿಕ್ಕುಗಳಿಗೆ ದಾರ ಸುತ್ತಿ ಮಾದಯ್ಯ ಆಟ ಕಲಿತದ್ದು. ನಂಜನಗೂಡಿನ ರೈಲಿನಲ್ಲಿ ಬೆಳಗ್ಗೆ ಬರುತ್ತಿದ್ದ, ಸಂಜೆ ಆಟ ಮುಗಿಸಿ ಅದೇ ರೈಲಿಗೆ ಓಡುತ್ತಿದ್ದ.

ಆ ಓಟ ನಮ್ಮ ಡ್ರಿಲ್ ಮೇಷ್ಟ್ರ ಕಣ್ಣಿಗೆ ಬಿತ್ತು, ಅವನನ್ನು ರೈಟ್ ಔಟ್ ಮಾಡಿದರು. ಎಂದರೆ ಮೈದಾನದ ಬಲ ಅಂಚಿನಲ್ಲಿ ಓಡುವವನು. ಯಾರಾದರೂ ಚೆಂಡು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಮಾದಯ್ಯ ಒಂದು ದಿನ ತಾನಾಗಿ ಹೋಗಿ, ತನ್ನನ್ನು ಸೆಂಟರ್ ಹಾಫ್ ಮಾಡಿ ನೋಡಿ ಎಂದು ಕೇಳಿದ. ಹಾಕಿಯಲ್ಲಿ ಅದು ಮಧ್ಯದ ಜಾಗ. ಮುಂದಿನವರೂ ಹಿಂದಿನವರೂ ಅವನ ದನಿಗೆ ಕಿವಿಗೊಟ್ಟು ಆಡಬೇಕು. ಮೇಷ್ಟ್ರು ಕೆಟ್ಟವರಲ್ಲ. ನಗುತ್ತಲೇ ಹೇಳಿದರು: "ನಿಂಗೆ ದೇವರು ಕಾಲು ಕೊಟ್ಟವ್ನೆ, ಓಡು. ಸೆಂಟರ್ ಹಾಫ್‌ಗೆ ತಲೆ ಬೇಕು ಕಣಯ್ಯಾ."

ಈ ಮಾತಿಗೆ ಮೈದಾನದಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ಗಣಿತದಲ್ಲಿ ಅವನು ನಮಗೆಲ್ಲ ಪಾಠ ಹೇಳಿಕೊಡುತ್ತಿದ್ದ. ಆ ತಲೆ ಲೆಕ್ಕಕ್ಕೆ ಬರುತ್ತಿತ್ತು, ಚೆಂಡಿಗೆ ಬರುತ್ತಿರಲಿಲ್ಲವಂತೆ. ನಾನು ಹಿಂದೂಗಳನ್ನು ಮಾತ್ರ ಆಡಿಕೊಳ್ಳುತ್ತಿದ್ದೇನೆ ಎನ್ನಬೇಡಿ. ನಮ್ಮ ಚರ್ಚಿನಲ್ಲೂ ಹಿಂದಿನ ಬೆಂಚುಗಳು ಯಾರಿಗೆಂದು ಎಲ್ಲರಿಗೂ ಗೊತ್ತಿತ್ತು, ಬೋರ್ಡು ಮಾತ್ರ ಹಾಕಿರಲಿಲ್ಲ.

ಇದ್ದ ಸೆಂಟರ್ ಹಾಫ್ ಕಾಮಾಲೆಯಾಗಿ ಮಲಗಿದ ಮೇಲೆ ಬೇರೆ ದಾರಿಯಿಲ್ಲದೆ ಮಾದಯ್ಯನನ್ನು ಆ ಜಾಗಕ್ಕೆ ತಂದರು. ಆ ವರ್ಷ ನಾವು ಸೋಲಲಿಲ್ಲ. ಕಾಮಾಲೆಯವನು ಗುಣವಾಗಿ ಬಂದು, ಎರಡು ದಿನ ಬೇಲಿಯ ಆಚೆ ನಿಂತು ಆಟ ನೋಡಿ, ತಾನೇ ಕ್ರಿಕೆಟ್ಟಿಗೆ ಸೇರಿಕೊಂಡ. ಅವನಿಗಿದ್ದ ಮರ್ಯಾದೆ ಕಾಲೇಜಿನ ಆಡಳಿತಕ್ಕೆ ಇರಲಿಲ್ಲ.

ಏಕೆಂದರೆ ನಮ್ಮಲ್ಲಿ ಸೆಂಟರ್ ಹಾಫ್ ಆದವನೇ ಮುಂದಿನ ವರ್ಷ ಕ್ಯಾಪ್ಟನ್. ಕ್ಯಾಪ್ಟನ್ ಆದವನೇ ಆಯುಧಪೂಜೆ ಮಾಡಬೇಕು. ಪೆವಿಲಿಯನ್ನಿನಲ್ಲಿ ಜಮಖಾನ ಹಾಸಿ, ಎಣ್ಣೆ ಹಚ್ಚಿದ ಸ್ಟಿಕ್ಕುಗಳನ್ನೆಲ್ಲ ಸಾಲಾಗಿ ಮಲಗಿಸಿ, ಕುಂಕುಮವಿಟ್ಟು, ಚೆಂಡುಹೂ ಏರಿಸಿ, ಬೂದುಗುಂಬಳಕಾಯಿ ಒಡೆದು, ಆಮೇಲೆ ಕ್ಯಾಪ್ಟನ್ ತನ್ನ ಕೈಯಾರೆ ಪ್ರಿನ್ಸಿಪಾಲರಿಂದ ಹಿಡಿದು ಜವಾನನವರೆಗೆ ಎಲ್ಲರ ಅಂಗೈಗೂ ಕಡ್ಲೆಪುರಿ, ಕೊಬ್ಬರಿ, ಬೆಲ್ಲ ಹಾಕಬೇಕು. ಕ್ರಿಸ್ತನ ಕಡೆಯವನಾದ ನಾನೂ ಸಾಲಿನಲ್ಲಿ ನಿಂತು ಎರಡು ಸಲ ಕೈ ಒಡ್ಡುತ್ತಿದ್ದೆ. ಮಾದಯ್ಯನ ಕೈಯಿಂದ ಪ್ರಿನ್ಸಿಪಾಲರು ಪುರಿ ತೆಗೆದುಕೊಳ್ಳುವುದು ಹೇಗೆ? ಅವರು ಮನೆಗೆ ಹೋಗಿ ಏನು ಹೇಳುವುದು? ಇಷ್ಟೇ ಸ್ವಾಮಿ, ಇಡೀ ಕಾಲೇಜನ್ನು ಕಾಡಿದ ಸಮಸ್ಯೆ.

ಬುದ್ಧಿವಂತರು ಕೂತು ದಾರಿ ಹುಡುಕಿದರು. ಮೈದಾನದ ಒಳಗೆ ಮಾದಯ್ಯನೇ ನಡೆಸಲಿ. ಮಿಕ್ಕ ವಿಷಯಗಳಿಗೆ ಕ್ಯಾಪ್ಟನ್ ರಾಜಾರಾಮ. ರಾಜಾರಾಮ ನಮ್ಮ ಲೆಫ್ಟ್ ಇನ್, ಎಂದರೆ ಮುಂದಿನ ಸಾಲಿನಲ್ಲಿ ಎಡಗಡೆ ಆಡುವವನು, ವಕೀಲರ ಮಗ, ಮೆತ್ತನೆಯ ಸ್ವಭಾವದವನು. ತನ್ನನ್ನು ಕ್ಯಾಪ್ಟನ್ ಮಾಡಿದ್ದಕ್ಕೆ ಅವನೇ ನಾಚಿಕೊಂಡು ಒಂದು ವಾರ ಮಾದಯ್ಯನ ಮುಖ ನೋಡಲಿಲ್ಲ.

ಆ ದಸರೆಯ ಪೂಜೆ ನನಗೆ ಚೆನ್ನಾಗಿ ನೆನಪಿದೆ. ಎಲ್ಲರ ಸ್ಟಿಕ್ಕೂ ಜಮಖಾನದ ಮೇಲಿತ್ತು, ಮಾದಯ್ಯನದನ್ನು ಗೋಡೆಗೆ ಒರಗಿಸಿದ್ದರು. ಜಾಗ ಸಾಲದು ಎಂದರು. ನನ್ನ ಎರಡು ಕಾಲಿನ ಪ್ಯಾಡುಗಳು ಗಂಧ ಕುಂಕುಮ ಬಳಿದುಕೊಂಡು ಹಾಯಾಗಿ ಮಲಗಿದ್ದವು, ಅವಕ್ಕೆ ಜಾಗವಿತ್ತು. ಮಾದಯ್ಯ ಮೆಟ್ಟಿಲ ಕೆಳಗೆ ನಿಂತಿದ್ದ. ಯಾರೋ ಮೇಲಿನಿಂದ ಅವನ ಅಂಗೈಗೆ ಪುರಿ ಉದುರಿಸಿದರು. ಅವನು ಅದನ್ನು ತಿನ್ನಲಿಲ್ಲ, ಬಿಸಾಡಲೂ ಇಲ್ಲ, ಜೇಬಿಗೆ ಹಾಕಿಕೊಂಡು ಸ್ಟಿಕ್ಕು ತೆಗೆದುಕೊಂಡು ರೈಲಿಗೆ ಹೋದ.

ಜಂಬೂಸವಾರಿ ಕಳೆದ ಮಾರನೆಯ ದಿನ ಟೂರ್ನಮೆಂಟಿನ ಫೈನಲ್. ಎದುರಿಗೆ ಬೆಂಗಳೂರಿನ ಟೀಮು. ಆಟ ಶುರುವಾದ ಸ್ವಲ್ಪ ಹೊತ್ತಿಗೇ ನನಗೆ ಏನೋ ಕಡಿಮೆಯಾಗಿದೆ ಅನ್ನಿಸಿತು. ಮಾದಯ್ಯನ ದನಿ ಇಲ್ಲ. ಅವನು ತನ್ನ ಜಾಗದಲ್ಲಿ ತಪ್ಪಿಲ್ಲದೆ ಆಡುತ್ತಿದ್ದಾನೆ, ಚೆಂಡು ಕಸಿಯುತ್ತಿದ್ದಾನೆ, ಕೊಡುತ್ತಿದ್ದಾನೆ, ಆದರೆ ಬಾಯಿ ಬಿಡುತ್ತಿಲ್ಲ. ಮಿಕ್ಕ ನಾವು ದಾರಿ ತಪ್ಪಿದ ಕುರಿಗಳಾದೆವು. ಗೋಲಿನ ಮುಂದೆ ನಿಲ್ಲುವ ನಮ್ಮ ಇಬ್ಬರು ಬ್ಯಾಕುಗಳು ಒಬ್ಬನನ್ನೇ ಹಿಡಿಯಲು ಹೋಗಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಹಾಫ್ ಟೈಮಿಗೆ ಎರಡು ಗೋಲು ನನ್ನನ್ನು ದಾಟಿ ಹೋಗಿದ್ದವು.

ನಿಂಬೆಹಣ್ಣಿನ ಹೋಳು ಹಿಡಿದುಕೊಂಡೇ ಮೇಷ್ಟ್ರು ಅವನ ಮೇಲೆ ಬಿದ್ದರು. "ಏನೋ ನಿಂಗೆ ಬಂದಿರೋದು? ಬಾಯಿಗೆ ಬೀಗ ಹಾಕ್ಕೊಂಡಿದೀಯಾ?"

ಮಾದಯ್ಯ ಬೆವರು ಒರೆಸಿಕೊಂಡು ಹೇಳಿದ: "ಕೂಗೋದು ಕ್ಯಾಪ್ಟನ್ ಕೆಲ್ಸ ಅಲ್ವಾ ಸಾ? ಪೂಜೆ ಮಾಡ್ದೋರೇ ಕೂಗ್ಲಿ ಬುಡಿ."

ರಾಜಾರಾಮ ಬಾಯಲ್ಲಿದ್ದ ನಿಂಬೆಹೋಳು ಉಗುಳಿ, ಎದ್ದು, ಸೀದಾ ಅಂಪೈರ್ ಹತ್ತಿರ ಹೋಗಿ ಏನೋ ಹೇಳಿ ಬಂದ. ಬಂದವನು ಮೇಷ್ಟ್ರಿಗೆ, "ನಮ್ ಕ್ಯಾಪ್ಟನ್ ಮಾದಯ್ಯ ಅಂತ ಹೇಳ್ಬುಟ್ಟು ಬಂದೆ ಸಾರ್. ನಮ್ಮಪ್ಪ ಮುಂದಿನ್ ಸಾಲಲ್ಲೇ ಕೂತವ್ರೆ, ನೀವೇ ಅವರಿಗೆ ಹೇಳ್ಕೊಳಿ" ಎಂದ. ಆ ಮೆತ್ತನೆಯ ಹುಡುಗ ತನ್ನ ಆಯುಷ್ಯದಲ್ಲಿ ಆಡಿದ ಗಟ್ಟಿ ಮಾತು ಅದೊಂದೇ ಇರಬೇಕು. ನಾವು ಗೆದ್ದೆವು.

ಗೆದ್ದ ಮೇಲೆ ನಡೆದದ್ದು ಕೇಳಿ. ವೇದಿಕೆಯಿಂದ ಕಪ್ಪಿಗೆ ಕರೆದದ್ದು ರಾಜಾರಾಮನ ಹೆಸರನ್ನು. ಅವನು ಮಾದಯ್ಯನ ತೋಳು ಹಿಡಿದು ಎಳೆದ. ನಮ್ಮ ಕಾಲೇಜಿನ ದೊಡ್ಡವರೊಬ್ಬರು ನಡುವೆ ನಿಂತು, "ಒಬ್ಬರೇ, ಒಬ್ಬರೇ" ಎಂದರು. ಗ್ರೂಪ್ ಫೋಟೋದಲ್ಲಿ ನಡುವಿನ ಕುರ್ಚಿ ರಾಜಾರಾಮನಿಗೆ. ಮಾದಯ್ಯ ಹಿಂದಿನ ಸಾಲಿನ ಕೊನೆಯಲ್ಲಿ, ಕಂಬದ ನೆರಳು ಅರ್ಧ ಮುಖಕ್ಕೆ ಬಿದ್ದು ನಿಂತಿದ್ದಾನೆ. ಗೋಲಿಯಾದ ನಾನು, ಎರಡು ಗೋಲು ಬಿಟ್ಟವನು, ಪ್ರಿನ್ಸಿಪಾಲರ ಪಕ್ಕದಲ್ಲಿ ಕೂತು ಹಲ್ಲು ಕಿರಿದಿದ್ದೇನೆ.

ಮರುವರ್ಷ ಮಾದಯ್ಯನನ್ನು ತಪ್ಪಿಸಲು ಯಾವ ನೆಪವೂ ಉಳಿಯಲಿಲ್ಲ. ರಾಜಾರಾಮ ತಾನು ಒಲ್ಲೆ ಎಂದು ಕೂತ. ಆಗ ಪ್ರಿನ್ಸಿಪಾಲರು ಸಭೆ ಕರೆದು ವಿಜ್ಞಾನ ಯುಗದ ಬಗ್ಗೆ ಮಾತಾಡಿದರು. ಕೋಲಿಗೆ ಕುಂಕುಮವಿಡುವುದು ವಿದ್ಯಾವಂತರಿಗೆ ಶೋಭೆಯಲ್ಲ, ಈ ವರ್ಷದಿಂದ ಕ್ರೀಡಾ ವಿಭಾಗದಲ್ಲಿ ಆಯುಧಪೂಜೆ ಇರುವುದಿಲ್ಲ ಎಂದರು. ಚಪ್ಪಾಳೆಯೋ ಚಪ್ಪಾಳೆ. ಆಫೀಸಿನ ಟೈಪ್‌ರೈಟರಿಗೆ, ಲ್ಯಾಬಿನ ತಕ್ಕಡಿಗೆ, ಪ್ರಿನ್ಸಿಪಾಲರ ಕಾರಿಗೆ ಮಾತ್ರ ಎಂದಿನಂತೆ ಹೂವು ಏರಿತು, ಅವುಗಳಿಗೆ ವಿಜ್ಞಾನ ಯುಗ ಇನ್ನೂ ಬಂದಿರಲಿಲ್ಲ. ಒಬ್ಬ ಮನುಷ್ಯನ ಕೈಯಿಂದ ಒಂದು ಹಿಡಿ ಕಡ್ಲೆಪುರಿ ತೆಗೆದುಕೊಳ್ಳಬಾರದೆಂದು ಒಂದು ಹಬ್ಬವನ್ನೇ ನಿಲ್ಲಿಸಿದರು ಕಣ್ರೀ! ಈಗ ಅದನ್ನು ಪ್ರಗತಿ ಎಂದು ಸಂಚಿಕೆಯಲ್ಲಿ ಅಚ್ಚು ಹಾಕಿಸುತ್ತಾರಂತೆ, ಅದಕ್ಕೆ ನನ್ನಿಂದ ಸಿಹಿ ನೆನಪು ಬೇಕಂತೆ.

ಹೀಗೆ ಮಾದಯ್ಯ ನಮ್ಮ ಕಾಲೇಜಿನಲ್ಲಿ ಅವನ ಜನದ ಮೊದಲ ಕ್ಯಾಪ್ಟನ್ ಆದ. ಆ ವರ್ಷವೇ ಯೂನಿವರ್ಸಿಟಿ ಟೀಮಿನ ಆಯ್ಕೆಗೆ ಹೋದ. ಅಲ್ಲಿನವರು ಅವನ ಆಟ ನೋಡಿ ತಲೆದೂಗಿ, ರೈಟ್ ಔಟ್ ಆಗಿ ತೆಗೆದುಕೊಳ್ಳುತ್ತೇವೆ ಎಂದರು. "ಸೆಂಟರ್ ಹಾಫ್ ಆದ್ರೆ ಬತ್ತೀನಿ ಸಾ, ಇಲ್ದಿದ್ರೆ ಊರಿಗ್ ಹೋಯ್ತೀನಿ" ಎಂದು ಹೇಳಿ ಊರಿಗೇ ಹೋದ. ಆ ಜಾಗ ಸಿಕ್ಕಿದ್ದರೆ ಎಲ್ಲಿಯವರೆಗೆ ಹೋಗುತ್ತಿದ್ದನೋ. ಆ ಜಾಗಕ್ಕೆ ಅವರು ಆರಿಸಿದವನ ಹೆಸರು ಇವತ್ತು ಅವನ ಮೊಮ್ಮಕ್ಕಳಿಗೂ ನೆನಪಿರಲಾರದು.

ಮಾದಯ್ಯ ಆಮೇಲೆ ತನ್ನ ಊರಿನ ಕಡೆಯ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾದ, ಅಲ್ಲೇ ರಿಟೈರ್ ಆದ. ತನ್ನ ಟೀಮಿನಲ್ಲಿ ಒಂದು ಪದ್ಧತಿ ಮಾಡಿದ್ದ: ಗಂಡಾಗಲಿ ಹೆಣ್ಣಾಗಲಿ, ಯಾವ ಬೀದಿಯವರಾಗಲಿ, ಎಲ್ಲ ಮಕ್ಕಳೂ ಸರದಿಯ ಮೇಲೆ ಒಂದೊಂದು ವಾರ ಸೆಂಟರ್ ಹಾಫ್ ಆಗಬೇಕು, ಕೂಗಿ ಆಡಿಸಬೇಕು. ಅಲ್ಲಿ ಆಯುಧಪೂಜೆ ಒಂದು ವರ್ಷವೂ ನಿಲ್ಲಲಿಲ್ಲ. ಪುರಿ ಹಂಚುವುದು ಆ ವಾರದ ಸೆಂಟರ್ ಹಾಫ್.

ಕಾಲೇಜಿನ ಈ ಕಥೆಯನ್ನೆಲ್ಲ ಬರೆದುಕೊಂಡು ಮೊನ್ನೆ ಬಸ್ಸು ಹತ್ತಿ ಕಡಕೊಳಕ್ಕೆ ಹೋದೆ. ಮಾದಯ್ಯ ಜಗಲಿಯ ಮೇಲೆ ಕೂತಿದ್ದ. ಕೂದಲು ಬೆಳ್ಳಗಾಗಿದೆ, ಬೆನ್ನು ಇನ್ನೂ ನೆಟ್ಟಗಿದೆ. ನಾನು ಆವೇಶದಿಂದ ಓದಿದೆ. ಪ್ರಿನ್ಸಿಪಾಲರ ಭಾಗ ಬಂದಾಗ ಎದ್ದು ನಿಂತೇ ಓದಿದೆ. ಅವನು ಕಣ್ಣು ಮುಚ್ಚಿ ಕೇಳಿದ, ಕೇಳಿ ಮುಗಿದ ಮೇಲೆ ಒಳಗಿನಿಂದ ಬಂದ ಕಾಫಿ ನನ್ನ ಕಡೆ ಸರಿಸಿದ.

"ಚೆನ್ನಾಗದೆ ಕಣೋ ಗೋಲಿ. ಎಲ್ಲಾ ನಿಜವೇ. ಆದ್ರೆ ಇದ್ರಲ್ಲಿ ನಾನೆಲ್ಲಿದೀನಿ? ಪ್ರಿನ್ಸಿಪಾಲ್ರವ್ರೆ, ಕಡ್ಲೆಪುರಿ ಅದೆ, ನಿನ್ ಸಿಟ್ಟದೆ. ನಾನು ಬರೀ ಮೆಟ್ಲ ಕೆಳಗೆ ನಿಂತಿವ್ನಿ."

"ಮತ್ತೆ ಅವರು ಮಾಡಿದ್ದನ್ನ ಬರೀದೇ ಬಿಡ್ಲೇನೋ?"

"ಬುಡ್ಬೇಡ, ಒಂದಕ್ಷರಾನೂ ಬುಡ್ಬೇಡ. ಆದ್ರೆ ನಂಗೆ ಏನ್ ಮಾಡುದ್ರು ಅಂತ ಎಲ್ರೂ ಯೋಳ್ತಾರೆ. ನಾನು ಎಂಗ್ ಆಡ್ದೆ ಅಂತ ನೋಡ್ದೋನು ನೀನು. ಹಿಂದ್‌ಗಡೆ ನಿಂತ್ಕಂಡು ಎಲ್ಲಾನೂ ನೋಡ್ದೋನು ನೀನೊಬ್ನೇ. ಅದ ಬರಿ."

ಬಸ್ಸಿನಲ್ಲಿ ಬರುವಾಗ ಮಂಡಕಳ್ಳಿ ದಾಟುವವರೆಗೂ ಅವನ ಮೇಲೆ ಮುನಿಸಿಕೊಂಡಿದ್ದೆ. ಆಮೇಲೆ ಅವನು ಹೇಳಿದ್ದು ಸರಿ ಅನ್ನಿಸಿತು. ನನ್ನ ಸಿಟ್ಟು ಹೋಗಿಲ್ಲ, ಹೋಗುವುದೂ ಬೇಡ. ಆದರೆ ಇವತ್ತು ಬರೆಯಬೇಕಾದದ್ದು ಇದು.

ಫೈನಲ್ಲಿನಲ್ಲಿ ಎರಡೆರಡು ಗೋಲು ಸಮ ಆಗಿತ್ತು, ಆಟ ಮುಗಿಯಲು ಬಂದಿತ್ತು. ಅವರ ಕಡೆಯವನು ಹೊಡೆದ ಚೆಂಡು ನನ್ನ ಪ್ಯಾಡಿಗೆ ತಗುಲಿ ಅಡ್ಡಾದಿಡ್ಡಿ ಹೊರಟಿತು. ಮಾದಯ್ಯ ನನ್ನ ಕಡೆ ನೋಡುತ್ತಲೂ ಇರಲಿಲ್ಲ, ಆದರೂ ಚೆಂಡು ಎಲ್ಲಿಗೆ ಬರಬೇಕೋ ಅಲ್ಲಿದ್ದ. ನಿಲ್ಲಿಸಿದ ಸದ್ದೂ ಆಗಲಿಲ್ಲ, ಚೆಂಡು ಅವನ ಸ್ಟಿಕ್ಕಿನಲ್ಲೇ ಹುಟ್ಟಿದಂತಿತ್ತು. ಒಬ್ಬನನ್ನು ದಾಟಿದ, ಎರಡನೆಯವನ ಮುಂದೆ ಸ್ವಲ್ಪ ತಡೆದ. ತಲೆ ಎತ್ತಿ ಬಲಗಡೆ ನೋಡಿ, ಇಡೀ ಮೈದಾನಕ್ಕೆ ಕೇಳುವ ಹಾಗೆ "ಓಡ್ಲಾ ರೈಟ್ ಔಟು" ಎಂದು ಕೂಗಿದ. ನಮ್ಮ ರೈಟ್ ಔಟ್ ನಂಬಿ ಓಡಿದ, ಅವರ ಬ್ಯಾಕುಗಳಿಬ್ಬರೂ ನಂಬಿ ಅವನ ಹಿಂದೆ ಓಡಿದರು, ಗೋಲಿನಲ್ಲಿ ನಿಂತ ನಾನೂ ನಂಬಿದೆ. ಮಾದಯ್ಯ ಬಲಕ್ಕೇ ನೋಡುತ್ತ ಚೆಂಡನ್ನು ಎಡಕ್ಕೆ ಬಿಟ್ಟ. ಅಲ್ಲಿ ರಾಜಾರಾಮ ಒಬ್ಬನೇ ನಿಂತಿದ್ದ, ಸುತ್ತ ಯಾರೂ ಇಲ್ಲ, ಅವನು ಮಾಡಬೇಕಾದದ್ದು ಸ್ಟಿಕ್ಕು ಒಡ್ಡುವುದಷ್ಟೇ. ಒಡ್ಡಿದ. ಎಲ್ಲರೂ ಅವನ ಮೇಲೆ ಬಿದ್ದು ಅಪ್ಪಿಕೊಂಡರು. ನಾನು ಪ್ಯಾಡು ಕಟ್ಟಿಕೊಂಡೇ ಗೋಲು ಬಿಟ್ಟು ಮೈದಾನದ ನಡುವಿನವರೆಗೆ ಬಂದುಬಿಟ್ಟಿದ್ದೆ. ಮಾದಯ್ಯ ಯಾರನ್ನೂ ಅಪ್ಪಿಕೊಳ್ಳದೆ ಆಗಲೇ ತನ್ನ ಜಾಗಕ್ಕೆ ನಡೆದು ಬರುತ್ತಿದ್ದ. ನನ್ನನ್ನು ನೋಡಿ ಸ್ಟಿಕ್ಕನ್ನು ಹಿಂದಕ್ಕೆ ತೋರಿಸಿದ.

"ಇನ್ನೂ ಮುಗ್ದಿಲ್ಲ ಕಣೋ ಗೋಲಿ. ನಿನ್ ಜಾಗುಕ್ ಹೋಗು."

ಕ್ಯಾಪ್ಟನ್ ಹೇಳಿದ ಮೇಲೆ ಇನ್ನೇನು, ಹೋದೆ.