ತಿಪ್ಪೇಶಪ್ಪನ ಜೀಪು ಮತ್ತು ಇರುವೆ ಸಾಲು

ಅಂಬಿಕಾ ಮೊದಲ ಸಲ ನೋಡಿದಾಗ ತಿಪ್ಪೇಶಪ್ಪ ಜೀಪು ಓಡಿಸುತ್ತಿರಲಿಲ್ಲ, ತಳ್ಳುತ್ತಿದ್ದ. ಚನ್ನಗಿರಿ ಬಸ್ ಸ್ಟ್ಯಾಂಡಿನ ಹಿಂದಿರುವ ತನ್ನ ವಾಹನ ವೈರಿಂಗ್ ಅಂಗಡಿಯ ಷಟರನ್ನು ಅವಳು ಆಗಷ್ಟೇ ಎತ್ತಿದ್ದಳು. ಅವನ ಒಂದು ಕೈ ಸ್ಟೇರಿಂಗ್ ಮೇಲೆ, ಹೆಗಲು ಬಾಗಿಲಿಗೆ. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು. ಬಾನೆಟ್ಟಿನ ಮೇಲೂ ಅಂಥದೇ ವಿಭೂತಿ ಪಟ್ಟೆ, ಅದು ಮಾತ್ರ ಅಳಿಸಿರಲಿಲ್ಲ. ಹಿಂದಿನ ಸೀಟಿನಲ್ಲಿ ಸೆರಗು ಹೊದ್ದು ಕುಳಿತಿದ್ದವಳು ಉಬ್ರಾಣಿಯ ಶಾಂತಾದೇವಿ. ವಾರಕ್ಕೆರಡು ಸಲ ಆಕೆಯನ್ನು ಡಯಾಲಿಸಿಸ್‌ಗೆಂದು ಶಿವಮೊಗ್ಗಕ್ಕೆ ಕರೆದೊಯ್ಯುವುದು ತಿಪ್ಪೇಶಪ್ಪನ ಕೆಲಸ.

“ಹಿಂಗೇ ನಿಲ್ತಾ ಇದ್ರೆ ಬೇರೆ ಗಾಡಿ ನೋಡ್ತೀನಿ ಅಂತಾನೆ ಮಗ,” ಎಂದಳು ಶಾಂತಾದೇವಿ. “ನಂಗೋ, ಈತನ ಸಂಗಡ ಜಗಳ ಆಡ್ತಾ ಹೋದ್ರೇ ದಾರಿ ಸವೆಯಾದು.”

“ಜಗಳ ಆಡಾಕೆ ಉಸಿರೈತಲ್ಲ ಅಕ್ಕಾರೆ, ಅಷ್ಟು ಸಾಕು ಬಿಡ್ರಿ,” ಎಂದ ತಿಪ್ಪೇಶಪ್ಪ. ನಗಲಿಲ್ಲ.

ಎಂಜಿನ್ ತಿರುಗುವ ವೇಗವನ್ನು ಕಂಪ್ಯೂಟರಿಗೆ ತಿಳಿಸುವ ಸೆನ್ಸರ್ ಪದೇ ಪದೇ ಕೈಕೊಡುತ್ತಿತ್ತು. ಅದು ಸುಮ್ಮನಾದರೆ ಎಂಜಿನ್ ನಡುದಾರಿಯಲ್ಲೇ ಆಫ್. ಹಲವು ಗ್ಯಾರೇಜುಗಳವರು ಹೊಸದು ಹಾಕಿದ್ದರು. ಅಂಬಿಕಾಳೂ ಹೊಸದನ್ನೇ ಹಾಕಿ ಕಳಿಸಿದಳು.

ಅಮಾವಾಸ್ಯೆ ಕಳೆದ ಮೇಲೆ ಜೀಪು ಮತ್ತೆ ತಳ್ಳಿಸಿಕೊಂಡೇ ಬಂತು. ಈ ಸಲ ಹಿಂದಿನ ಸೀಟು ಖಾಲಿ.

“ಅಕ್ಕಾರನ್ನ ಮಗ ಬೇರೆ ಕಾರಲ್ಲಿ ಕಳಿಸ್ದ,” ಎಂದ ತಿಪ್ಪೇಶಪ್ಪ.

ಅಂಬಿಕಾ ಈ ಸಲ ಸೆನ್ಸರಿಗೆ ಕೈ ಹಾಕದೆ, ಅದಕ್ಕೆ ಹೋಗುವ ವೈರನ್ನೇ ಮೇಲಿನಿಂದ ನೋಡುತ್ತ ಬಂದಳು. ವೈರಿನ ಮೇಲೆ ಇರುವೆಗಳ ಸಾಲು. ಪ್ಲಗ್ ಬಿಚ್ಚಿದರೆ ಒಳಗೆಲ್ಲ ಅಂಟು, ಪಿನ್ನುಗಳಿಗೆ ಹಸಿರು ಕಿಲುಬು.

“ಯಜಮಾನ್ರೇ, ಎಂಜಿನ್ ಮೇಲೆ ಸಿಹಿ ಏನ್ ಚೆಲ್ಲಿದ್ರಿ?”

“ಅಮಾಸೆಗೆ ಕಾಯಿ ಒಡ್ದು ನೀರು ಬಿಡ್ತೀನವ್ವಾ. ಎಂಜಿನ್ನೇ ಅಲ್ವಾ ಗಾಡಿ ಜೀವ? ನಿಲ್ಲಾಕೆ ಹತ್ತಿದ್ಮೇಲೆ ಎರಡೆರಡು ಕಾಯಿ ಒಡ್ದೆ.”

ಅಂಬಿಕಾಳಿಗೆ ನಗು ಬಂತು. ಅವನ ಮುಖ ನೋಡಿ ನುಂಗಿಕೊಂಡಳು. “ಆ ನೀರಲ್ಲಿ ಉಪ್ಪಿನಂಶನೂ ಐತೆ. ಪಿನ್ನು ತಿಂದಾಕೈತೆ. ಹೊಸ ಸೆನ್ಸರ್ ಹಾಕುವಾಗ ಕಿಲುಬು ಒಂಚೂರು ಉಜ್ಜಿ ಹೋಗುತ್ತೆ, ಗಾಡಿ ಓಡುತ್ತೆ. ಆಮೇಲೆ ಮತ್ತೆ ಅದೇ.”

“ಹಂಗಾದ್ರೆ ನಾನೇ ಕೆಡಿಸಿದ್ನಾ?” ಎಂದು ಅವನು ಅಲ್ಲೇ ಇದ್ದ ಟೈರಿನ ಮೇಲೆ ಕುಳಿತುಬಿಟ್ಟ.

“ಬಾನೆಟ್ ಮುಚ್ಚಿ ಚಕ್ರದ ಮುಂದೆ ಒಡೀರಿ. ಅದೂ ನಿಮ್ಮ ಗಾಡೀನೇ ಅಲ್ವಾ?”

ಅವಳು ಹಳೆಯ ಪ್ಲಗ್ ಕತ್ತರಿಸಿ ಹೊಸದನ್ನು ಕೂಡಿಸಿದಳು. ಗ್ಯಾರೇಜಿನವರು ಕೆಟ್ಟಿದೆಯೆಂದು ತೆಗೆದುಕೊಟ್ಟಿದ್ದ ಸೆನ್ಸರೊಂದು ಡ್ಯಾಶ್‌ಬೋರ್ಡಿನಲ್ಲಿತ್ತು; ದೋಷ ಸೆನ್ಸರಿನದಲ್ಲವೆಂದು ತೋರಿಸಲು ಬೇಕೆಂದೇ ಅದನ್ನೇ ಹಾಕಿದಳು. ಒಂದೇ ಸಲ ಕೀಲಿ ತಿರುಗಿಸಿದ್ದಕ್ಕೆ ಜೀಪು ಸ್ಟಾರ್ಟ್ ಆಯಿತು.

ತಿಪ್ಪೇಶಪ್ಪ ಅಲ್ಲಿಂದ ನೇರ ಶಾಂತಾದೇವಿಯ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು ಇದ್ದದ್ದನ್ನು ಇದ್ದಂತೆ ಹೇಳಿದ. ಆಕೆ ಕೆಮ್ಮು ಬರುವಷ್ಟು ನಕ್ಕಳು.

“ನಂಗೆ ಡಾಕ್ಟ್ರು ಕಾಯಿನೀರು ಒಂದು ಗುಟುಕೂ ಬ್ಯಾಡ ಅಂದಾರೆ. ನೀನು ಎಂಜಿನ್ನಿಗೆ ಕುಡಿಸ್ತಾ ಕುಂತಿದ್ಯೇನೋ!” ಎಂದವಳೇ ಒಳಗಿದ್ದ ಮಗನಿಗೆ ಕೂಗಿದಳು. “ಒಂದು ಅಮಾಸೆ ನೋಡಾಣ ತಡಿಯೋ.”

ಆ ಅಮಾವಾಸ್ಯೆ ಕಳೆಯಿತು, ಮುಂದಿನದೂ ಕಳೆಯಿತು. ಜೀಪು ನಿಲ್ಲಲಿಲ್ಲ.

ಈಗ ತಿಪ್ಪೇಶಪ್ಪ ಚಕ್ರದ ಮುಂದೆ ಕಾಯಿ ಒಡೆಯುತ್ತಾನೆ. ವಾರಕ್ಕೆರಡು ಸಲ ಶಾಂತಾದೇವಿಯನ್ನು ಶಿವಮೊಗ್ಗಕ್ಕೆ ಕರೆದೊಯ್ದು, ಸಂಜೆ ಮನೆಗೆ ಮುಟ್ಟಿಸುತ್ತಾನೆ.